ಟರ್ಕಿ ರೋಸ್ಟ್‌ಗೆ 400 ಡಿಗ್ರಿ ಜಾಸ್ತಿ ಆಯ್ತು

3 ಪೌಂಡಿನ ಮೂಳೆ ಇಲ್ಲದ ಟರ್ಕಿ ರೋಸ್ಟ್ (ದಾರದ ಬಲೆಯಲ್ಲಿ ಕಟ್ಟಿದ ಟರ್ಕಿ ಕೋಳಿ ಮಾಂಸದ ದಪ್ಪ ತುಂಡು) ಏರ್ ಫ್ರೈಯರ್‌ನಲ್ಲಿ 400 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಟ್ಟೆ, ಮೇಲೆ ಕಪ್ಪಾಯಿತು, ಒಳಗೆ ಹಸಿ ಉಳಿಯಿತು ಅಂದಿದ್ದೀರಿ. ಬೇಜಾರಾಗಬೇಡಿ, ಮುಂದಿನ ಸಲ 350 ಫ್ಯಾರನ್‌ಹೀಟ್ ಇಡಿ. ಬಿಸಿಗಾಳಿ ಮೇಲ್ಭಾಗವನ್ನು ಬೇಗ ಸುಡುತ್ತದೆ, ದಪ್ಪ ಮಾಂಸದ ನಡುವಿಗೆ ಶಾಖ ಹೋಗಲು ಹೊತ್ತು ಬೇಕಲ್ವಾ?

ಫ್ರೀಜರ್‌ನದ್ದಾದರೆ ಹಿಂದಿನ ದಿನವೇ ಫ್ರಿಜ್‌ಗೆ ಇಳಿಸಿಡಿ. ಪ್ಲಾಸ್ಟಿಕ್ ಹೊದಿಕೆ ತೆಗೆಯಿರಿ, ದಾರದ ಬಲೆ ಇರಲಿ. ತೇವ ಒರೆಸಿ, ಬೆಣ್ಣೆಗೆ ಜಜ್ಜಿದ ಬೆಳ್ಳುಳ್ಳಿ, ಕಾಳುಮೆಣಸಿನ ಪುಡಿ ಕಲಸಿ ಸವರಿ. ಅರ್ಧಕ್ಕೆ ಒಮ್ಮೆ ತಿರುಗಿಸಿ. ಹೆಚ್ಚುಕಡಿಮೆ ಒಂದು ಗಂಟೆ ಬೇಕು, ಆದರೆ ಗಡಿಯಾರ ನಂಬಬೇಡಿ. ಥರ್ಮಾಮೀಟರ್ ಸರಿಯಾಗಿ ನಡುವಿಗೆ ಚುಚ್ಚಿ, 165 ಫ್ಯಾರನ್‌ಹೀಟ್ ತೋರಿಸಲೇಬೇಕು.

ತೆಗೆದ ಕೂಡಲೇ ಕೊಯ್ಯಬೇಡಿ. ನಾನೊಮ್ಮೆ ಆತುರಪಟ್ಟಾಗ ರಸವೆಲ್ಲ ಹಲಗೆ ಮೇಲೆ ಹರಿದು, ಹೋಳುಗಳು ಒಣಕಲಾದವು. 15 ನಿಮಿಷ ಸುಮ್ನೆ ಬಿಡಿ.