ಸರಕು ವಿಮಾನದ ಪೈಲಟ್: ಕಾಗದದ ಮೇಲಿನ ವಿಶ್ರಾಂತಿ, ಕಣ್ಣಿಗೆ ಸಿಗುವ ನಿದ್ದೆ

ಪ್ರಶ್ನೆ: ತಂಗಿಯ ಮಗ ಅಮೆರಿಕದಲ್ಲಿ ಸರಕು ವಿಮಾನದ ಪೈಲಟ್. ಪ್ರಯಾಣಿಕರ ವಿಮಾನದವರಿಗಿರುವ ವಿಶ್ರಾಂತಿ ನಿಯಮ ತಮಗಿಲ್ಲ ಅನ್ನುತ್ತಾನೆ. ನಿಜವೇ?
— ಓದುಗರು, ದಾವಣಗೆರೆ

ಉತ್ತರ: ನಿಜ. 2014ರ ಜನವರಿ 4ರಿಂದ ಅಲ್ಲಿ ಜಾರಿಯಾದ 'ಭಾಗ 117' ಎಂಬ ಡ್ಯೂಟಿ-ವಿಶ್ರಾಂತಿ ನಿಯಮ ಪ್ರಯಾಣಿಕರ ವಿಮಾನಕ್ಕೆ ಮಾತ್ರ ಕಡ್ಡಾಯ. ಸರಕಿನ ಕಂಪನಿಗಳು ಇಷ್ಟವಿದ್ದರೆ ಒಪ್ಪಿಕೊಳ್ಳಬಹುದು. ಲಾಭಕ್ಕಿಂತ ಖರ್ಚು ಹೆಚ್ಚು ಎಂಬುದು ಆಗ ಸರ್ಕಾರ ಕೊಟ್ಟ ಕಾರಣ. ನಿದ್ದೆಗೆಟ್ಟ ದೇಹಕ್ಕೆ ಹಿಂದೆ ಕೂತಿರುವುದು ಜನವೋ ಡಬ್ಬಿಯೋ ಎಂಬ ಲೆಕ್ಕ ಗೊತ್ತಾಗುವುದಿಲ್ಲ, ಅದು ಬೇರೆ ಮಾತು.

ಪ್ರಯಾಣಿಕರ ವಿಮಾನದಲ್ಲಿ ಇಬ್ಬರು ಪೈಲಟ್‌ಗಳಿದ್ದರೆ ಡ್ಯೂಟಿ 9ರಿಂದ 14 ಗಂಟೆ. ಎಷ್ಟು ಹೊತ್ತಿಗೆ ಹಾಜರಿ, ಎಷ್ಟು ಹಾರಾಟ ಎಂಬುದರ ಮೇಲೆ ಮಿತಿ ಬದಲಾಗುತ್ತದೆ. ಡ್ಯೂಟಿಗೆ ಮುಂಚೆ 10 ಗಂಟೆ ವಿಶ್ರಾಂತಿ. ಅದರಲ್ಲಿ 8 ಗಂಟೆ ಅಡ್ಡಿಯಿಲ್ಲದೆ ಮಲಗಲು ಅವಕಾಶ ಇರಲೇಬೇಕು. ಸರಕಿನವರು ಸಾಮಾನ್ಯವಾಗಿ ಹಾರುವ ಹಳೆಯ ನಿಯಮದಲ್ಲಿ, ಇಬ್ಬರೇ ಇದ್ದರೆ 24 ಗಂಟೆಯಲ್ಲಿ ಹಾರಾಟ 8 ಗಂಟೆ, ಡ್ಯೂಟಿ 16 ಗಂಟೆವರೆಗೂ ಸಾಗಬಹುದು. ನಾಲ್ವರಿದ್ದರೆ ಡ್ಯೂಟಿ 20 ಗಂಟೆ. ಏಳು ದಿನಕ್ಕೊಮ್ಮೆ 24 ಗಂಟೆ ರಜೆ. ಈ ಹಳೆಯ ನಿಯಮದ ದೊಡ್ಡ ಕೊರತೆ ಒಂದೇ: ಬೆಳಿಗ್ಗೆ ಎಂಟಕ್ಕೆ ಹಾಜರಾದರೂ ರಾತ್ರಿ ಹತ್ತಕ್ಕೆ ಹಾಜರಾದರೂ ಮಿತಿ ಅದೇ 16. ಯೂನಿಯನ್ ಒಪ್ಪಂದಗಳು ಇದಕ್ಕಿಂತ ಬಿಗಿಯಾಗಿರುವುದುಂಟು. ನಿಮ್ಮ ಹುಡುಗ ಮೊದಲು ಅದನ್ನು ಓದಲಿ.

ಪ್ರಶ್ನೆ: ಬೆಳಿಗ್ಗೆ ಇಳಿದು ರಾತ್ರಿ ಮತ್ತೆ ಹಾರುವವರಿಗೆ 16 ಗಂಟೆ ಲೇಓವರ್ (ಎರಡು ಹಾರಾಟಗಳ ನಡುವಿನ ಬಿಡುವು) ಸಿಗುತ್ತದಲ್ಲ, ಸಾಲದೇ?
— ಓದುಗರು, ಹಾಸನ

ಉತ್ತರ: ಗಂಟೆ ಸಾಕು, ಹೊತ್ತು ಸರಿಯಿಲ್ಲ. ಆರಕ್ಕೆ ಡ್ಯೂಟಿ ಮುಗಿದು, ಹೋಟೆಲ್ ತಲುಪಿ ಏಳೂವರೆಗೆ ಮಲಗಿದರೆ, ಹಗಲಿನ ಗಡಿಯಾರಕ್ಕೆ ಒಗ್ಗಿದ ದೇಹ ಮಧ್ಯಾಹ್ನದ ಹೊತ್ತಿಗೇ ಎಬ್ಬಿಸಿಬಿಡುತ್ತದೆ. ರಾತ್ರಿ ಹತ್ತಕ್ಕೆ ಹಾಜರಿ. ಬೆಳಗಿನ ಜಾವ ನಾಲ್ಕಕ್ಕೆ ವಿಮಾನ ಇಳಿಸುವಾಗ ಎಚ್ಚರಾಗಿ ಹದಿನಾರು ಗಂಟೆ ಆಗಿರುತ್ತದೆ. ಎರಡರಿಂದ ಆರರವರೆಗೆ ದೇಹದ ಚುರುಕು ಅತಿ ಕಡಿಮೆ ಇರುವ ಸಮಯವೂ ಅದೇ.

ಆದ್ದರಿಂದ ನಿದ್ದೆಯನ್ನು ಎರಡು ಕಂತು ಮಾಡಬೇಕು. ಹೋಟೆಲ್‌ಗೆ ಹೋಗುವಾಗ ಕಪ್ಪು ಕನ್ನಡಕ ಹಾಕಿ, ಏಕೆಂದರೆ ಬಿಸಿಲು ಬಿದ್ದರೆ ದೇಹ ಹಗಲೆಂದು ಏಳುತ್ತದೆ. ಲಿಫ್ಟ್‌ನಿಂದ ದೂರದ ಕೋಣೆ ಕೇಳಿ, ಪರದೆಯ ಸಂದಿ ಮುಚ್ಚಿ, ತಕ್ಷಣ ಮಲಗಿ. ತಿರುಗಾಟ, ಮನೆಗೆ ಫೋನ್ ಎಲ್ಲ ಎದ್ದ ಮೇಲೆ. ಸಂಜೆ ಆರೂವರೆಗೆ ಮತ್ತೆ ತೊಂಬತ್ತು ನಿಮಿಷ. ಮಲಗುವ ಆರು ಗಂಟೆ ಮುಂಚೆಯೇ ಕಾಫಿ ನಿಲ್ಲಿಸಿ.

ಈ ಎರಡನೇ ಕಂತನ್ನು ಹಗುರವಾಗಿ ನೋಡಬಾರದು. 2013ರ ಆಗಸ್ಟ್ 14ರಂದು ಬೆಳಗಾಗುವ ಮುಂಚೆ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಪಾರ್ಸೆಲ್ ಕಂಪನಿ ಯುಪಿಎಸ್‌ನ ಸರಕು ವಿಮಾನ ಏರ್‌ಬಸ್ ಎ300 ರನ್‌ವೇ ಮುಟ್ಟುವ ಮೊದಲೇ ನೆಲಕ್ಕೆ ಬಡಿದು ಇಬ್ಬರೂ ಪೈಲಟ್‌ಗಳು ಸತ್ತರು. ಎತ್ತರ ಗಮನಿಸದೆ ಅಸ್ಥಿರ ಇಳಿತ ಮುಂದುವರಿಸಿದ್ದು ಕಾರಣ; ಸಹ ಪೈಲಟ್‌ನ ನಿದ್ದೆಯ ಕೊರತೆಗೆ ಬಿಡುವಿನ ಸಮಯ ಬಳಸಿದ ರೀತಿಯೂ ಕಾರಣವೆಂದು ತನಿಖಾ ಮಂಡಳಿ ಹೇಳಿತು.

ಪ್ರಶ್ನೆ: ಹಾರುವಾಗ ಕಾಕ್‌ಪಿಟ್‌ನಲ್ಲೇ ಸರದಿಯಂತೆ ಜೊಂಪು ಹತ್ತಿಸಬಾರದೇ?
— ಓದುಗರು, ಉಡುಪಿ

ಉತ್ತರ: ಇಬ್ಬರೇ ಇದ್ದರೆ ಅಮೆರಿಕದ ಕಂಪನಿಗಳಿಗೆ ಅನುಮತಿಯಿಲ್ಲ; ಕೆಲವು ದೇಶಗಳಲ್ಲಿ ಇದೆ. ಬದಲಿಗೆ ಲೂಯಿವಿಲ್, ಮೆಂಫಿಸ್‌ನಂಥ ಹಬ್‌ಗಳಲ್ಲಿ (ಸರಕು ಕಂಪನಿಗಳ ಮುಖ್ಯ ನಿಲ್ದಾಣಗಳಲ್ಲಿ) ಪಾರ್ಸೆಲ್ ವಿಂಗಡಿಸುವ ಹೊತ್ತಿನಲ್ಲಿ ಮಲಗಲು ಕೋಣೆಗಳಿವೆ. ಅಲ್ಲಿ ಇಪ್ಪತ್ತೈದು ನಿಮಿಷ ಮಲಗಿ, ಇಲ್ಲವೇ ತೊಂಬತ್ತು. ನಡುವೆ ಎಬ್ಬಿಸಿದರೆ ಗಾಢ ನಿದ್ದೆಯ ಮಂಪರು ಬಿಡಲು ಅರ್ಧ ಗಂಟೆಯಾದರೂ ಹಿಡಿಯಬಹುದು, ಆದ್ದರಿಂದ ಕೆಲಸಕ್ಕೆ ಮರಳುವ ಅರ್ಧ ಗಂಟೆ ಮುಂಚೆಯೇ ಏಳುವಂತೆ ಅಲಾರಂ ಇಡಿ.