ಕೋಳಿ ಕುಂಟುತ್ತಿದ್ದರೆ ಮೊದಲು ಅಂಗಾಲು ನೋಡಿ

‘ಕೋಳಿ ಕುಂಟುತ್ತಿದೆ, ಯಾವ ಔಷಧಿ ಕೊಡಬೇಕು?’ ಈ ಅಂಕಣಕ್ಕೆ ಮತ್ತೆ ಮತ್ತೆ ಬರುವ ಸಾಲು ಇದು. ಕೋಳಿಗೆ ಎಷ್ಟು ವಯಸ್ಸು, ಒಂದು ಕಾಲೋ ಎರಡೋ, ಅಂಗಾಲು ಹೇಗಿದೆ, ಬೆರಳು ಎತ್ತ ತಿರುಗಿದೆ, ಯಾವುದನ್ನೂ ಬರೆದಿರುವುದಿಲ್ಲ. ಕುಂಟು ಎನ್ನುವುದು ಕಾಯಿಲೆಯ ಹೆಸರಲ್ಲ. ಎರಡು ವಾರದ ಮರಿ ಕುಂಟಲು ಒಂದು ಕಾರಣ, ಮೂರು ತಿಂಗಳ ಕೋಳಿಗೆ ಇನ್ನೊಂದು, ಮೊಟ್ಟೆಯಿಡುವ ಹೇಂಟೆಗೆ ಮತ್ತೊಂದು. ಔಷಧಿಯ ಹೆಸರು ಕೇಳುವ ಮೊದಲು ಕೋಳಿಯನ್ನು ಹಿಡಿದು ಅಂಗಾಲನ್ನು ಬೆಳಕಿಗೆ ತಿರುಗಿಸಿ ನೋಡಿ. ಬೆರಳುಗಳ ಸಂದನ್ನೂ ಬಿಡಿಸಿ ನೋಡಿ. ತೆಂಗಿನ ನಾರು, ತಲೆಗೂದಲು, ಗೋಣಿಚೀಲದ ದಾರ ಬೆರಳಿಗೆ ಸುತ್ತಿಕೊಂಡು ಚರ್ಮದೊಳಗೆ ಇಳಿದಿರುತ್ತದೆ. ಅದನ್ನು ಕತ್ತರಿಸಿ ತೆಗೆಯುವ ಬದಲು ವಾರಗಟ್ಟಲೆ ಟಾನಿಕ್ ಕೊಟ್ಟರೆ ಬೆರಳು ಕಪ್ಪಾಗಿ ಉದುರಿಹೋಗುತ್ತದೆ.

ಪ್ರಶ್ನೆ: ತಾರಸಿಯಲ್ಲಿ ಆರು ಗಿರಿರಾಜ ಕೋಳಿ ಸಾಕಿದ್ದೇವೆ. ಒಂದೂವರೆ ವರ್ಷದ ಹೇಂಟೆ ಹತ್ತು ದಿನದಿಂದ ಎಡಗಾಲು ಊರುತ್ತಿಲ್ಲ. ಅಂಗಾಲಿನ ನಡುವೆ ಕಪ್ಪು ಚುಕ್ಕೆ, ಸುತ್ತಲೂ ಊತ. ಅಂಗಡಿಯವರು ಕೊಟ್ಟ ಆ್ಯಂಟಿಬಯಾಟಿಕ್ ಅನ್ನು ಐದು ದಿನ ನೀರಿಗೆ ಹಾಕಿದೆವು, ಗುಣ ಕಾಣಲಿಲ್ಲ. ಬ್ಲೇಡಿನಿಂದ ಕೊಯ್ದು ಗಡ್ಡೆ ತೆಗೆಯುವ ವಿಡಿಯೊ ನೋಡಿದೆವು. ನಾವೇ ಮಾಡಬಹುದೆ?
— ಬೆಂಗಳೂರು

ಬ್ಲೇಡ್ ಬೇಡ. ಉಳಿದ ಮಾತು ಆಮೇಲೆ.

ನೀವು ಬರೆದಿರುವುದು ಬಂಬಲ್‌ಫೂಟ್, ಅಂದರೆ ಅಂಗಾಲಿನ ಬಾವು. ಅಂಗಾಲಿನ ಮೆತ್ತೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಾಯವಾಗುತ್ತದೆ, ಅದರೊಳಗೆ ಬ್ಯಾಕ್ಟೀರಿಯಾ ಸೇರುತ್ತದೆ. ಹೆಚ್ಚಾಗಿ ಅದು ಸ್ಟ್ಯಾಫಿಲೊಕಾಕಸ್. ಕಪ್ಪು ಚುಕ್ಕೆ ಗಾಯದ ಬಾಯಿಯ ಮೇಲೆ ಕಟ್ಟಿರುವ ಹಕ್ಕಳೆ, ಕಾಯಿಲೆ ಇರುವುದು ಅದರ ಅಡಿಯಲ್ಲಿ. ಆ್ಯಂಟಿಬಯಾಟಿಕ್ ಏಕೆ ನಾಟಲಿಲ್ಲ ಎನ್ನುವುದನ್ನು ಸರಿಯಾಗಿ ತಿಳಿದುಕೊಳ್ಳಿ, ಈ ತಪ್ಪನ್ನು ಎಲ್ಲರೂ ಮಾಡುತ್ತಾರೆ. ಕೋಳಿಯ ಕೀವು ನಮ್ಮ ಕೀವಿನ ಹಾಗೆ ಹರಿಯುವುದಿಲ್ಲ. ಕೀವನ್ನು ಕರಗಿಸುವ ಕಿಣ್ವ ಹಕ್ಕಿಯ ಬಿಳಿ ರಕ್ತಕಣಗಳಲ್ಲಿ ಇಲ್ಲದ ಕಾರಣ ಅದು ಒಣಗಿ, ಹಳೆಯ ಪನೀರಿನಂತೆ ಹಳದಿ ಉಂಡೆಯಾಗಿ ಗಟ್ಟಿಯಾಗುತ್ತದೆ. ಅದರೊಳಗೆ ರಕ್ತ ಹರಿಯುವುದಿಲ್ಲ, ರಕ್ತ ಹೋಗದ ಕಡೆ ಔಷಧಿಯೂ ಹೋಗುವುದಿಲ್ಲ. ಉಂಡೆ ಒಳಗೆ ಕೂತಿರುವವರೆಗೆ ಐದು ದಿನ ಕೊಟ್ಟರೂ ಅಷ್ಟೇ, ಹದಿನೈದು ದಿನ ಕೊಟ್ಟರೂ ಅಷ್ಟೇ. ಹಿಂಡಿದರೆ ಹೊರಗೆ ಬರುವುದಿಲ್ಲ, ಇನ್ನೂ ಆಳಕ್ಕೆ ಸರಿಯುತ್ತದೆ. ಜೊತೆಗೆ, ಆ ಐದು ದಿನ ಮತ್ತು ಅದರ ನಂತರದ ದಿನಗಳ ಮೊಟ್ಟೆಯನ್ನು ಮನೆಯವರು ತಿಂದಿದ್ದೀರಾ? ಔಷಧಿಯ ಅಂಶ ಮೊಟ್ಟೆಗೆ ಇಳಿಯುತ್ತದೆ. ಎಷ್ಟು ದಿನ ಮೊಟ್ಟೆ ಬಿಡಬೇಕು ಎಂದು ಹೇಳದೆ ಬಾಟಲಿ ಮಾರುವವರ ಮೇಲೆ ನನಗೆ ಸಿಟ್ಟಿದೆ.

ಈಗ ಕಾಲು ನೋಡಿ. ಊತ ಮೆತ್ತೆಯೊಳಗೇ ಇದೆಯೇ, ಬೆರಳುಗಳ ನಡುವೆ ಉಬ್ಬಿ ಪಾದದ ಮೇಲ್ಭಾಗಕ್ಕೂ ಬಂದಿದೆಯೇ? ಕಾಲಿನ ಗಂಟು ಮುಟ್ಟಿದರೆ ಬಿಸಿಯಿದೆಯೇ? ಕೋಳಿ ಮೇವು ಬಿಟ್ಟು ಮಂಕಾಗಿದೆಯೇ? ಮೇಲಕ್ಕೆ ಉಬ್ಬಿದ್ದರೆ, ಗಂಟು ಬಿಸಿಯಿದ್ದರೆ, ಮಂಕಾಗಿದ್ದರೆ ಸೋಂಕು ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಅಥವಾ ಮೂಳೆಯನ್ನು ಮುಟ್ಟಿದೆ ಎಂದು ತಿಳಿಯಿರಿ. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ, ಪಶುವೈದ್ಯರ ಬಳಿಗೆ ಒಯ್ಯಿರಿ. ಅವರು ಮರಗಟ್ಟಿಸಿ, ತೆರೆದು, ಉಂಡೆಯನ್ನು ಬುಡಸಮೇತ ತೆಗೆದು, ಆಮೇಲೆ ಸರಿಯಾದ ಔಷಧಿ ಬರೆದುಕೊಡುತ್ತಾರೆ. ಉಂಡೆ ತೆಗೆದ ಮೇಲೆ ಅದೇ ಔಷಧಿ ಕೆಲಸ ಮಾಡುತ್ತದೆ.

ಊತ ಮೆತ್ತೆಯೊಳಗೆ ಮಾತ್ರ ಇದ್ದು, ಕೋಳಿ ಚೆನ್ನಾಗಿ ತಿನ್ನುತ್ತಿದ್ದರೆ ಮನೆಯಲ್ಲೇ ಆರೈಕೆ ಮಾಡಬಹುದು. ಕೈಗವಸು ಹಾಕಿಕೊಳ್ಳಿ, ಇದೇ ಬ್ಯಾಕ್ಟೀರಿಯಾ ನಿಮ್ಮ ಬೆರಳಿನ ಗಾಯಕ್ಕೂ ಹತ್ತುತ್ತದೆ. ಕೋಳಿಯನ್ನು ಟವಲಿನಲ್ಲಿ ಸುತ್ತಿ, ಕಣ್ಣು ಮುಚ್ಚುವಂತೆ ಬಟ್ಟೆಯ ಅಂಚು ತಲೆಯ ಮೇಲೆ ಎಳೆಯಿರಿ. ಕತ್ತಲಾದರೆ ಅದು ಸುಮ್ಮನಾಗುತ್ತದೆ. ಎದೆ ಬಿಗಿಯುವಂತೆ ಹಿಡಿಯಬೇಡಿ, ಕೋಳಿ ಉಸಿರಾಡಲು ಎದೆಗೂಡು ಆಡಲೇಬೇಕು. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ಎಪ್ಸಮ್ ಸಾಲ್ಟ್ ಕರಗಿಸಿ, ಪಾದವನ್ನು ಹತ್ತರಿಂದ ಹದಿನೈದು ನಿಮಿಷ ಅದ್ದಿ ಇಡಿ. ಆ ನೀರು ಕುಡಿಯಲು ಬಿಡಬೇಡಿ, ಭೇದಿಯಾಗುತ್ತದೆ.

ಹಕ್ಕಳೆ ನೆನೆದು ಅಂಚು ಬೆಳ್ಳಗಾಗಿ ಎದ್ದಾಗ ಚಿಮುಟದಿಂದ ಅಂಚು ಹಿಡಿದು ನಿಧಾನ ಎತ್ತಿ. ಬಂದರೆ ಬರಲಿ. ಹಲವು ಸಲ ಹಕ್ಕಳೆಗೆ ಅಂಟಿಕೊಂಡೇ ಉಂಡೆಯ ತುಂಡು ಬೇರಿನಂತೆ ಹೊರಗೆ ಬರುತ್ತದೆ. ಬರದಿದ್ದರೆ ಅಗೆಯಬೇಡಿ, ನಾಳೆ ಮತ್ತೆ ನೆನೆಸಿ. ಮೂರು ನಾಲ್ಕು ದಿನದಲ್ಲಿ ಸಡಿಲವಾಗುತ್ತದೆ. ಬ್ಲೇಡ್ ಬೇಡ ಎಂದದ್ದು ಇದಕ್ಕೇ: ಮೆತ್ತೆಯ ಒಳಗಡೆಯೇ ಬೆರಳು ಮಡಚುವ ಸ್ನಾಯುರಜ್ಜುಗಳೂ ರಕ್ತನಾಳಗಳೂ ಇವೆ. ವಿಡಿಯೊದಲ್ಲಿ ಅವು ಕಾಣುವುದಿಲ್ಲ. ಮರಗಟ್ಟಿಸದೆ ಕೊಯ್ಯುವುದು ಹಿಂಸೆಯೂ ಹೌದು. ಕೋಳಿ ಕಿರುಚದಿದ್ದರೆ ನೋವಿಲ್ಲ ಎಂದುಕೊಳ್ಳಬೇಡಿ, ಬೇರೆ ಪ್ರಾಣಿಗಳಿಗೆ ಆಹಾರವಾಗುವ ಹಕ್ಕಿ ನೋವನ್ನು ಬಚ್ಚಿಡುತ್ತದೆ.

ಗುಳಿ ತೆರೆದ ಮೇಲೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಂದಾಜು ಒಂದೂವರೆ ಟೀ ಚಮಚ, ಹಾಕಿ ಸೂಜಿಯಿಲ್ಲದ ಸಿರಿಂಜಿನಿಂದ ತೊಳೆಯಿರಿ. ಪೊವಿಡೋನ್ ಅಯೋಡಿನ್ ಅನ್ನು ನೇರವಾಗಿ ಸುರಿಯಬೇಡಿ. ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ, ಡಿಕಾಕ್ಷನ್ ಟೀ ಬಣ್ಣ ಬಂದರೆ ಸಾಕು. ಗಟ್ಟಿಯಾಗಿ ಹಾಕಿದರೆ ಹೊಸದಾಗಿ ಬೆಳೆಯುವ ಅಂಗಾಂಶವೂ ಸಾಯುತ್ತದೆ. ಮೇಲೆ ಮಡಚಿದ ಗಾಜ್ ಬಟ್ಟೆ ಇಟ್ಟು, ಅಂಟುವ ಬ್ಯಾಂಡೇಜನ್ನು ಬೆರಳುಗಳ ನಡುವಿನಿಂದ ದಾಟಿಸಿ ಕಾಲಿನ ಮೇಲೆ ಒಂದು ಸುತ್ತು ತನ್ನಿ. ಅರ್ಧ ಗಂಟೆ ಬಿಟ್ಟು ಬೆರಳು ಮುಟ್ಟಿ ನೋಡಿ. ತಣ್ಣಗಿದ್ದರೆ, ಊದಿದ್ದರೆ ಬಿಗಿಯಾಗಿದೆ, ಬಿಚ್ಚಿ ಮತ್ತೆ ಕಟ್ಟಿ. ಮೊದಲ ಮೂರು ದಿನ ದಿನಕ್ಕೊಮ್ಮೆ, ಆಮೇಲೆ ದಿನ ಬಿಟ್ಟು ದಿನ ಬದಲಿಸಿ. ಬ್ಯಾಂಡೇಜ್ ಒದ್ದೆಯಾದರೆ ಆಗಲೇ ಬದಲಿಸಿ. ಎರಡು ಮೂರು ವಾರ ಹಿಡಿಯುತ್ತದೆ. ಒಂದು ವಾರ ಮಾಡಿಯೂ ಊತ ಇಳಿಯದಿದ್ದರೆ ಆಸ್ಪತ್ರೆಗೆ ಹೋಗಿ.

ಅರಿಶಿನ, ಬೂದಿ, ನಶ್ಯ, ಸುಣ್ಣ ಏನನ್ನೂ ಗುಳಿಗೆ ತುಂಬಬೇಡಿ. ಅಡುಗೆಮನೆಯ ಅರಿಶಿನ ಕ್ರಿಮಿಶುದ್ಧವಲ್ಲ, ಹಳದಿ ಬಳಿದರೆ ಒಳಗೆ ಏನಾಗುತ್ತಿದೆ ಎಂದೂ ಕಾಣುವುದಿಲ್ಲ. ಸುಣ್ಣ ಸುಡುತ್ತದೆ. ಮನುಷ್ಯರ ನೋವಿನ ಮಾತ್ರೆಯೂ ಬೇಡ, ಅದರಲ್ಲೂ ಡೈಕ್ಲೊಫೆನಾಕ್ ಹಕ್ಕಿಯ ಮೂತ್ರಪಿಂಡವನ್ನು ಕೆಡಿಸುತ್ತದೆ.

ಇಷ್ಟೆಲ್ಲ ಮಾಡಿ ಕೋಳಿಯನ್ನು ಅದೇ ತಾರಸಿಗೆ ಬಿಟ್ಟರೆ ಎರಡು ತಿಂಗಳಲ್ಲಿ ಇನ್ನೊಂದು ಕಾಲಿಗೆ ಬರುತ್ತದೆ. ನಾಟಿ ಹೇಂಟೆ ಒಂದೂಕಾಲು, ಒಂದೂವರೆ ಕೆ.ಜಿ. ತೂಗಿದರೆ ಗಿರಿರಾಜದ ಹೇಂಟೆ ಸುಲಭವಾಗಿ ಅದರ ಎರಡರಷ್ಟು. ಅಷ್ಟು ಭಾರ ಹೊತ್ತು ನಾಲ್ಕು ಅಡಿ ಎತ್ತರದಿಂದ ಕಾಂಕ್ರೀಟಿಗೆ ದಿನವೂ ಹಾರಿದರೆ ಮೆತ್ತೆ ಬಿರಿಯದೆ ಏನು ಮಾಡೀತು? ಕೂರುವ ಕೋಲನ್ನು ಒಂದೂವರೆ, ಎರಡು ಅಡಿಗೆ ಇಳಿಸಿ. ನುಣುಪಾದ ಬಿದಿರು, ಪಿವಿಸಿ ಪೈಪು, ಕಬ್ಬಿಣದ ಸರಳು ಬೇಡ. ಎರಡು ಅಂಗುಲ ಅಗಲದ ಮರದ ರೀಪು ತಂದು ಮೇಲಿನ ಅಂಚುಗಳನ್ನು ಉಜ್ಜಿ ಗುಂಡಗೆ ಮಾಡಿ, ಅಂಗೈ ಎಳೆದು ಸಿಬಿರಿಲ್ಲವೆಂದು ನೋಡಿಕೊಳ್ಳಿ. ಕೆಳಗೆ ಭತ್ತದ ಹೊಟ್ಟು ಎರಡು ಮೂರು ಅಂಗುಲ ಇರಲಿ, ಒದ್ದೆಯಾದ ಭಾಗವನ್ನು ಅಂದೇ ತೆಗೆಯಿರಿ. ನೀರಿನ ಪಾತ್ರೆಯ ಸುತ್ತ ಸದಾ ಕೆಸರಾಗುತ್ತದೆ, ಪಾತ್ರೆಯನ್ನು ಇಟ್ಟಿಗೆಯ ಮೇಲಿಡಿ. ಉಳಿದ ಐದು ಕೋಳಿಗಳ ಅಂಗಾಲನ್ನೂ ಇಂದೇ ನೋಡಿ. ಮೆತ್ತೆ ನುಣ್ಣಗೆ ಹೊಳೆಯುತ್ತ ಕೆಂಪಗಿದ್ದು ಹಕ್ಕಳೆ ಇಲ್ಲದಿದ್ದರೆ ಇದರ ಮೊದಲ ಹಂತ. ಆಗ ನೆಲ ಮತ್ತು ಕೋಲು ಸರಿಪಡಿಸಿದರೆ ಸಾಕು.

ಪ್ರಶ್ನೆ: ಮೂರೂವರೆ ತಿಂಗಳ ಕೋಳಿ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಬಿದ್ದಿದೆ. ಮೇವು ತಿನ್ನುತ್ತದೆ. ಊರಿನವರೊಬ್ಬರು ಕಾಲಿಗೆ ಬರೆ ಹಾಕಿದರೆ ಏಳುತ್ತದೆ ಎನ್ನುತ್ತಾರೆ.
— ತುಮಕೂರು ಜಿಲ್ಲೆ

ಬರೆ ಹಾಕುವವರನ್ನು ಗೂಡಿನ ಹತ್ತಿರ ಸೇರಿಸಬೇಡಿ. ನೀವು ಬರೆದ ಭಂಗಿ ಮಾರೆಕ್ಸ್ ಕಾಯಿಲೆಯದು. ಹಂಗೇರಿಯ ಜೋಸೆಫ್ ಮಾರೆಕ್ 1907ರಲ್ಲಿ ವಿವರಿಸಿದ ಕಾಯಿಲೆ ಇದು, ಹರ್ಪಿಸ್ ಗುಂಪಿನ ವೈರಸ್ಸಿನಿಂದ ಬರುತ್ತದೆ. ತೊಡೆಯಿಂದ ಇಳಿಯುವ ದೊಡ್ಡ ನರ ಊದಿಕೊಂಡು ಕಾಲು ಸ್ವಾಧೀನ ತಪ್ಪುತ್ತದೆ. ನರದಲ್ಲಿರುವ ರೋಗಕ್ಕೆ ಚರ್ಮ ಸುಟ್ಟು ಏನು ಪ್ರಯೋಜನ? ಇದಕ್ಕೆ ಔಷಧಿಯಿಲ್ಲ. ಇಂಜೆಕ್ಷನ್, ನಾಟಿ ಮದ್ದು, ಎಣ್ಣೆ ತಿಕ್ಕುವುದು, ಯಾವುದಕ್ಕೂ ಹಣ ಕಳೆಯಬೇಡಿ. ಮೇವು ನೀರಿಗೆ ತೆವಳಲೂ ಆಗದ ಕೋಳಿಯನ್ನು ನರಳಲು ಬಿಡದೆ ಪಶುವೈದ್ಯರ ಸಲಹೆಯಂತೆ ಕೊನೆಗಾಣಿಸುವುದೇ ದಯೆ.

ತಡೆಯುವ ದಾರಿ ಒಂದೇ: ಮೊಟ್ಟೆಯೊಡೆದ ಮೊದಲ ದಿನವೇ ಲಸಿಕೆ. ಮರಿ ಕೊಳ್ಳುವಾಗ ‘ಮಾರೆಕ್ಸ್ ಹಾಕಿದ್ದೀರಾ’ ಎಂದು ಕೇಳಿ ಕೊಳ್ಳಿ. ಲಸಿಕೆ ಹಾಕಿದ ಕೋಳಿಯೂ ವೈರಸ್ ಹೊತ್ತು ಹರಡಬಹುದು, ಆದ್ದರಿಂದ ದೊಡ್ಡ ಕೋಳಿಗಳ ಜೊತೆ ಹೊಸ ಮರಿಗಳನ್ನು ಮೊದಲ ವಾರಗಳಲ್ಲಿ ಬೆರೆಸಬೇಡಿ. ವೈರಸ್ ಇರುವುದು ಗರಿಯ ಹೊಟ್ಟಿನಲ್ಲಿ, ಗೂಡಿನ ದೂಳಿನಲ್ಲಿ ಅದು ತಿಂಗಳುಗಟ್ಟಲೆ ಬದುಕುತ್ತದೆ.

ಇದನ್ನು ಕೊಕ್ಕರೆ ರೋಗದ ಜೊತೆ ಬೆರೆಸಬೇಡಿ. ಕೊಕ್ಕರೆ ರೋಗದಲ್ಲಿ ಕತ್ತು ತಿರುಚುತ್ತದೆ, ಹಸಿರು ಭೇದಿ, ಉಸಿರಾಟದ ತೊಂದರೆ, ಕೆಲವೇ ದಿನದಲ್ಲಿ ಹಲವು ಕೋಳಿ ಸಾಯುತ್ತವೆ. ಹಾಗೆ ಒಟ್ಟಿಗೆ ಸಾಯತೊಡಗಿದರೆ ಕೋಳಿ ಮಾರಬೇಡಿ, ಸಾಗಿಸಬೇಡಿ, ತಕ್ಷಣ ಪಶು ಆಸ್ಪತ್ರೆಗೆ ತಿಳಿಸಿ.

ಪ್ರಶ್ನೆ: ಹದಿನೈದು ದಿನದ ಮರಿಗಳ ಬೆರಳು ಮುಷ್ಟಿಯಂತೆ ಒಳಕ್ಕೆ ಮಡಚಿವೆ. ಅಕ್ಕಿ ನುಚ್ಚು ಮಾತ್ರ ಹಾಕುತ್ತೇವೆ. ಟಾನಿಕ್ ಕೊಟ್ಟೆವು.
— ಹಾಸನ

ನುಚ್ಚೇ ಕಾರಣ, ಅದರಲ್ಲಿ ಬಿ2 ವಿಟಮಿನ್ ಸಾಲದು. ನೀವು ಕೊಟ್ಟ ಟಾನಿಕ್ಕಿನ ಲೇಬಲ್ ಓದಿ: ಎ, ಡಿ3, ಇ, ಬಿ12 ಅಷ್ಟೇ ಇದ್ದರೆ ಇದಕ್ಕೆ ಕೆಲಸಕ್ಕೆ ಬಾರದು. 10 ಮಿ.ಗ್ರಾಂ. ಬಿ2 ಇರುವ ಬಿ ಕಾಂಪ್ಲೆಕ್ಸ್ ಮಾತ್ರೆ ಒಂದನ್ನು ನುಣ್ಣಗೆ ಪುಡಿಮಾಡಿ ಒಂದು ಲೀಟರ್ ನೀರಿಗೆ ಬೆರೆಸಿ, ದಿನವೂ ಹೊಸದಾಗಿ ಮಾಡಿ, ಒಂದು ವಾರ ಕೊಡಿ. ಪಾತ್ರೆಯನ್ನು ನೆರಳಿನಲ್ಲಿಡಿ, ಬೆಳಕಿಗೆ ಬಿ2 ಹಾಳಾಗುತ್ತದೆ. ನಡೆಯಲಾಗದ ಮರಿ ಪಾತ್ರೆಯವರೆಗೆ ಹೋಗುವುದೇ ಇಲ್ಲ, ಅದಕ್ಕೆ ಕೊಕ್ಕಿನ ಅಂಚಿಗೆ ಹನಿ ಹನಿಯಾಗಿ ದಿನಕ್ಕೆ ನಾಲ್ಕೈದು ಸಲ ಬಿಡಿ. ಇಂದಿನಿಂದಲೇ ಚಿಕ್ ಸ್ಟಾರ್ಟರ್ ಮೇವು ಹಾಕಿ. ಬೇಗ ಹಿಡಿದರೆ ಬೆರಳು ಬಿಚ್ಚುತ್ತದೆ, ವಾರಗಟ್ಟಲೆ ಬಿಟ್ಟರೆ ನರ ಕೆಟ್ಟು ಹಾಗೆಯೇ ಉಳಿಯುತ್ತದೆ.

ಪ್ರಶ್ನೆ: ಮರಿಯ ಎರಡು ಕಾಲೂ ಪಕ್ಕಕ್ಕೆ ಜಾರಿ ಹರಡಿಕೊಂಡಿವೆ.
— ಶಿರಸಿ

ಪೆಟ್ಟಿಗೆಯಲ್ಲಿ ಕಾಲು ಜಾರುವ ನ್ಯೂಸ್ ಪೇಪರ್ ಹಾಸಿದ್ದರೆ ತೆಗೆದು ಗೋಣಿತಟ್ಟು ಹಾಕಿ. ಗಾಯಕ್ಕೆ ಹಚ್ಚುವ ಪಟ್ಟಿಯನ್ನು ಸೀಳಿ, ಮರಿ ಸಹಜವಾಗಿ ನಿಂತಾಗ ಇರುವಷ್ಟು ಅಂತರ ಬಿಟ್ಟು, ಎರಡು ಕಾಲಿಗೂ ಸೇರಿಸಿ ಅಂಟಿಸಿ. ಮೂರು ನಾಲ್ಕು ದಿನ ಸಾಕು. ವಾರ ಕಳೆದ ಮೇಲೆ ಶುರುಮಾಡಿದರೆ ಹೆಚ್ಚು ಆಸೆ ಬೇಡ.

ಪ್ರಶ್ನೆ: ಹುಂಜದ ಕಾಲಿನ ಹುರುಪೆ ಎದ್ದು ದಪ್ಪವಾಗಿ ಬಿಳಿ ಪುಡಿ ಬರುತ್ತಿದೆ. ಗ್ಯಾರೇಜಿನ ಸುಟ್ಟ ಆಯಿಲ್ ಹಚ್ಚಬಹುದೆ?
— ಮಂಡ್ಯ

ಬೇಡ. ಸೀಮೆಎಣ್ಣೆಯೂ ಬೇಡ, ಡೀಸೆಲ್ಲೂ ಬೇಡ. ಇವು ಚರ್ಮ ಸುಡುತ್ತವೆ, ಕೋಳಿ ಕೊಕ್ಕಿನಿಂದ ಕಾಲು ಕೆರೆದುಕೊಂಡಾಗ ವಿಷ ಹೊಟ್ಟೆಗೂ ಹೋಗುತ್ತದೆ. ಹುರುಪೆಯ ಅಡಿ ಕೊರೆದು ಕೂರುವ ನುಸಿಯ ಕೆಲಸ ಇದು. ಬಿಸಿನೀರಿಗೆ ಸೋಪು ಬೆರೆಸಿ ಕಾಲು ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ, ಒರೆಸಿ, ಗಂಟಿನವರೆಗೆ ದಪ್ಪಗೆ ವ್ಯಾಸಲೀನ್ ಹಚ್ಚಿ. ಗಾಳಿಯಿಲ್ಲದೆ ನುಸಿ ಸಾಯುತ್ತದೆ. ದಿನ ಬಿಟ್ಟು ದಿನ, ನಾಲ್ಕು ವಾರ ಬಿಡದೆ ಮಾಡಿ, ನಡುವೆ ನಿಲ್ಲಿಸಿದರೆ ಉಳಿದ ನುಸಿ ಮತ್ತೆ ಹೆಚ್ಚುತ್ತದೆ. ಹುರುಪೆಯನ್ನು ಕಿತ್ತು ರಕ್ತ ಬರಿಸಬೇಡಿ. ತೀವ್ರವಾಗಿದ್ದರೆ ವೈದ್ಯರು ತೂಕ ನೋಡಿ ಐವರ್ಮೆಕ್ಟಿನ್ ಕೊಡುತ್ತಾರೆ. ಅಂದಾಜಿನಲ್ಲಿ ಹನಿ ಹಾಕುವ ಔಷಧಿ ಅದಲ್ಲ. ಎಲ್ಲ ಕೋಳಿಗೂ ಒಟ್ಟಿಗೆ ಮಾಡಿ, ಕೋಲಿನ ಸಂದುಗಳನ್ನೂ ತೊಳೆಯಿರಿ. ಹೊಸ ಹುರುಪೆ ಬರಲು ತಿಂಗಳುಗಳು ಬೇಕು.

ಪ್ರಶ್ನೆ: ದಿನವೂ ಮೊಟ್ಟೆಯಿಡುತ್ತಿದ್ದ ಹೇಂಟೆ ಬೆಳಿಗ್ಗೆ ಎದ್ದು ನಿಲ್ಲಲಿಲ್ಲ. ಅಂಗಾಲಿನಲ್ಲಿ ಏನೂ ಇಲ್ಲ.
— ಧಾರವಾಡ

ಮೊದಲು ಮೊಟ್ಟೆ ಸಿಕ್ಕಿಕೊಂಡಿದೆಯೇ ನೋಡಿ. ಹೊಟ್ಟೆಯ ಕೆಳಭಾಗ ಮೆಲ್ಲಗೆ ಮುಟ್ಟಿದರೆ ಗಟ್ಟಿ ಗುಂಡು ಸಿಗುತ್ತದೆ. ಒತ್ತಬೇಡಿ, ಒಳಗೆ ಒಡೆದರೆ ಕೋಳಿ ಉಳಿಯುವುದಿಲ್ಲ. ಬೆಚ್ಚಗಿನ ನೀರಿನಲ್ಲಿ ಇಪ್ಪತ್ತು ನಿಮಿಷ ಕೂರಿಸಿ ಕತ್ತಲೆಯ ಕಡೆ ಬಿಡಿ. ಮೊಟ್ಟೆ ಇಲ್ಲದಿದ್ದರೆ ಸುಣ್ಣದಂಶದ, ಅಂದರೆ ಕ್ಯಾಲ್ಸಿಯಂ ಕೊರತೆ ಇರಬಹುದು. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು, ರಾತ್ರಿ ಚಿಪ್ಪು ಕಟ್ಟುವಾಗ ಮೇವಿನಲ್ಲಿ ಇಲ್ಲದ್ದನ್ನು ಅದು ತನ್ನ ಮೂಳೆಯಿಂದಲೇ ತೆಗೆಯುತ್ತದೆ. ಡಿ3 ಸೇರಿದ 500 ಮಿ.ಗ್ರಾಂ. ಕ್ಯಾಲ್ಸಿಯಂ ಮಾತ್ರೆ ದಿನಕ್ಕೊಂದು, ಮೂರು ದಿನ ಕೊಡಿ. ಕಪ್ಪೆಚಿಪ್ಪಿನ ನುಚ್ಚನ್ನು ಬೇರೆ ಬಟ್ಟಲಿನಲ್ಲಿ ಸದಾ ಇಡಿ, ಬೇಕಾದಷ್ಟು ಅದೇ ಆರಿಸಿ ತಿನ್ನುತ್ತದೆ. ಹಾಗೆಂದು ಮೊಟ್ಟೆ ಕೋಳಿಯ ಮೇವನ್ನು ಮರಿಗಳಿಗೆ ಹಾಕಬೇಡಿ, ಅದರ ಕ್ಯಾಲ್ಸಿಯಂ ಮರಿಗಳ ಮೂತ್ರಪಿಂಡ ಕೆಡಿಸುತ್ತದೆ. ಒಂದು ದಿನದಲ್ಲಿ ಏಳದಿದ್ದರೆ ಪಶುವೈದ್ಯ ಸಹಾಯವಾಣಿ 1962ಕ್ಕೆ ಕರೆ ಮಾಡಿ.

ಪ್ರಶ್ನೆ: ಕಾಲು ಬಾವು ಇರುವ ಕೋಳಿಯನ್ನು ಅಡುಗೆ ಮಾಡಬಹುದೆ?
— ಮೈಸೂರು

ಔಷಧಿ ಕೊಡುತ್ತಿರುವಾಗ ಬೇಡ, ಸೋಂಕು ಗಂಟಿನವರೆಗೆ ಏರಿದ್ದರೆ ಎಂದಿಗೂ ಬೇಡ.