ಹಿಸ್ಟೋರಿಯಾಳ ಗುದ್ದು ಎಲ್ಲಿ ಹೋಯಿತು?

ನಮಸ್ಕಾರ.

ಟೈಟನ್ ಎಂಬ ನರಭಕ್ಷಕ ದೈತ್ಯರ ಕಥೆ ಹೇಳುವ ಜಪಾನಿ ಅನಿಮೇಷನ್ ಸರಣಿ ‘ಅಟ್ಯಾಕ್ ಆನ್ ಟೈಟನ್’ನ ಹಿಸ್ಟೋರಿಯಾ ರೈಸ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲಾಗದು. ವಿಷಯ ಮಾತ್ರ ಕೈಬಿಡಬೇಡಿ.

ನಿಮ್ಮ ಮೂರು ಪುಟದಲ್ಲಿ ಎರಡೂವರೆ ಪುಟ ಬರೀ ಕಥಾಸಾರ. 2018ರ ಮೂರನೇ ಸೀಸನ್ ನೋಡಿದವರಿಗೆ ಅದು ಬೇಡ. ನೋಡದವರಿಗೆ ಅಷ್ಟು ಹೆಸರುಗಳು ತಲೆಗೆ ಹತ್ತುವುದಿಲ್ಲ. ಉಳಿದ ಅರ್ಧ ಪುಟದಲ್ಲಿ ‘ಕರಾಳ ಪರಂಪರೆಯನ್ನು ಮೆಟ್ಟಿ ನಿಂತ ದಿಟ್ಟೆ’ ಎಂದು ನಾಲ್ಕು ಕಡೆ ಬರೆದಿದ್ದೀರಿ. ಮೆಟ್ಟಿದ್ದು ಯಾವುದನ್ನು?

ಜನರ ನೆನಪು ಅಳಿಸಿ, ಗೊಂಬೆ ರಾಜನನ್ನು ಮುಂದೆ ಕೂರಿಸಿ ಮರೆಯಲ್ಲಿ ನಿಂತು ಆಳಿದ್ದು ನಿಜವಾದ ರಾಜವಂಶವಾದ ರೈಸ್ ಮನೆತನದ ಪಾಪ, ಸರಿ. ಆದರೆ ಆ ಹುಡುಗಿಯ ಪಾಲಿಗೆ ಬಂದದ್ದು ಬೇರೆ. ಮದುವೆಯಾಚೆ ಹುಟ್ಟಿದ ಮಗು, ಹೆತ್ತ ತಾಯಿಯೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ಕದ್ದುಮುಚ್ಚಿ ಬಂದು ಅಕ್ಷರ ಕಲಿಸಿದವಳು ಮಲಅಕ್ಕ ಫ್ರೀಡಾ. ಪುಸ್ತಕದ ಹುಡುಗಿಯ ಹಾಗೆ ಎಲ್ಲರಿಗೂ ಒಳ್ಳೆಯವಳಾಗಿರು ಎಂದು ಹೇಳಿಕೊಟ್ಟು, ಹೋಗುವಾಗ ತನ್ನ ನೆನಪನ್ನೇ ಅಳಿಸಿ ಹೋಗುತ್ತಿದ್ದಳು. ಮುಂದೆ ಕ್ರಿಸ್ಟಾ ಎಂಬ ಸುಳ್ಳು ಹೆಸರಿನಲ್ಲಿ ಸೈನ್ಯದ ತರಬೇತಿಗೆ ಸೇರಿದಾಗ ಸಹಪಾಠಿಗಳು ದೇವತೆ ಎಂದು ಹೊಗಳಿದ್ದು ಆ ಒಳ್ಳೆಯತನವನ್ನೇ. ಅದು ಮುಖವಾಡ ಎಂದು ಗುರುತಿಸಿದವಳು ಜೊತೆಗಿದ್ದ ಗೆಳತಿ ಯಮಿರ್. ಅಂದರೆ ಮನೆತನ ಅವಳಿಗೆ ಕೊಟ್ಟದ್ದು ಕೇಡಲ್ಲ, ಎದುರಾಡದ ಒಳ್ಳೆಯತನ. ನಿಮ್ಮ ಲೇಖನದಲ್ಲಿ ಈ ಮಾತೇ ಇಲ್ಲ.

ಇದನ್ನು ಬಿಟ್ಟಿದ್ದರಿಂದಲೇ ಪ್ರಾರ್ಥನಾ ಮಂದಿರದ ಕೆಳಗಿನ ಗುಹೆಯ ದೃಶ್ಯದಲ್ಲಿ ಎಡವಿದ್ದೀರಿ. ‘ಕ್ಷಣವೂ ಅಳುಕದೆ ಸಿರಿಂಜನ್ನು ಒಡೆದಳು’ ಎಂದಿದ್ದೀರಿ. ತಪ್ಪು. ಟೈಟನ್ ಆಗಿ, ಕಥಾನಾಯಕ ಎರೆನ್‌ನನ್ನು ತಿಂದು ಮನೆತನದ ಶಕ್ತಿಯನ್ನು ಮರಳಿ ಪಡೆ ಎಂದು ಅಪ್ಪ ಹೇಳಿದಂತೆ, ಆ ಮದ್ದಿನ ಸೂಜಿಯನ್ನು ಕೈಗೆ ಚುಚ್ಚಿಕೊಳ್ಳುವವರೆಗೂ ಹೋಗಿದ್ದಳು. ಜೀವಮಾನದಲ್ಲಿ ಮೊದಲ ಸಲ ಅಪ್ಪ ಅಪ್ಪಿಕೊಂಡು ಕರೆದಿದ್ದಾನೆ, ಹೋಗದೆ ಇರುತ್ತಾಳೆಯೇ? ಎದೆಯೆತ್ತಿ ಬದುಕು ಎಂಬ ಯಮಿರ್ ಮಾತು ನೆನಪಾದ ಮೇಲೆ ಸಿರಿಂಜು ನೆಲಕ್ಕೆ ಬಿತ್ತು, ಹಿಂದೆಯೇ ಅಪ್ಪ ರಾಡ್ ರೈಸ್ ಕೂಡ. ಆಮೇಲೆ ಅಳುತ್ತಿದ್ದ ಎರೆನ್‌ನನ್ನು ಗದರಿ, ತಾನು ಮನುಕುಲದ ಶತ್ರು ಎಂದೇ ಹೇಳಿಕೊಳ್ಳುತ್ತಾಳೆ. ದೇವತೆಯ ವೇಷ ಕಳಚಿದ್ದು ಅಲ್ಲಿ. ಆ ಅಳುಕನ್ನು ತೆಗೆದುಹಾಕಿದರೆ ಉಳಿಯುವುದು ಕತ್ತಿ ಹಿಡಿದ ಕ್ಯಾಲೆಂಡರ್ ಚಿತ್ರ.

ಇನ್ನೊಂದು ದೃಶ್ಯವನ್ನು ಹೇಗೆ ಬಿಟ್ಟಿರೋ ನನಗೆ ತಿಳಿಯದು. ರಾಣಿಯಾಗಲೇಬೇಕು ಎಂದು ಕ್ಯಾಪ್ಟನ್ ಲೀವೈ ಅವಳ ಕೊರಳಪಟ್ಟಿ ಹಿಡಿದೆತ್ತಿದ್ದ. ಪಟ್ಟಾಭಿಷೇಕ ಮುಗಿದ ಮೇಲೆ ಹೋಗಿ ಅವನಿಗೆ ಒಂದು ಗುದ್ದು ಕೊಡುತ್ತಾಳೆ. ನಗು ಬರುವ ದೃಶ್ಯ. ನನಗಂತೂ ಕಿರೀಟ ತೊಟ್ಟ ಗಳಿಗೆಗಿಂತ ಅದೇ ಹೆಚ್ಚು ಇಷ್ಟ. ಅಪ್ಪಣೆ ಪಾಲಿಸಿದ್ದಾಳೆ, ಸಿಟ್ಟನ್ನೂ ನುಂಗಿಲ್ಲ.

ಪಟ್ಟಾಭಿಷೇಕಕ್ಕೇ ನಿಲ್ಲಿಸಿದ್ದೂ ಸರಿಯಲ್ಲ. ಅನಾಥ ಮಕ್ಕಳನ್ನು ಕರೆತಂದು ಸಾಕುತ್ತಾಳೆ, ನಿಜ. ಆದರೆ ಕೊನೆಯ ಸೀಸನ್‌ನಲ್ಲಿ ಟೈಟನ್ ಶಕ್ತಿಗೆ ರಾಜರಕ್ತ ಬೇಕೆಂಬ ಲೆಕ್ಕಾಚಾರ ಮತ್ತೆ ಅವಳ ಬಾಗಿಲಿಗೇ ಬರುತ್ತದೆ. ಅವಳ ಬಸಿರು ಕೂಡ ಸೈನ್ಯಾಧಿಕಾರಿಗಳ ಚರ್ಚೆಯ ವಿಷಯವಾಗುತ್ತದೆ. ‘ಮನೆತನವನ್ನು ದಾಟಿದಳು’ ಎಂದು ಚುಕ್ಕೆ ಇಡುವ ಮುನ್ನ ಅದಕ್ಕೆ ಉತ್ತರ ಹೇಳಬೇಕು.

ಭಾಷೆಯ ಬಗ್ಗೆ ಒಂದೇ ಮಾತು: ‘ಅದ್ಭುತ’, ‘ಅನನ್ಯ’, ‘ರೋಮಾಂಚಕ’ ಈ ಮೂರನ್ನೂ ಹೊಡೆದುಹಾಕಿ.

ಒಂದೂವರೆ ಪುಟಕ್ಕೆ ಇಳಿಸಿ, ಆ ಗುದ್ದಿನಿಂದಲೇ ಶುರುಮಾಡಿ ಮುಂದಿನ ತಿಂಗಳು ಕಳಿಸಿ. ಓದುತ್ತೇನೆ.

ಸಂಪಾದಕ